ಪುದೀನಕ್ಕೆ ಹುಳಿ ಅಕ್ಕಚ್ಚು

ಬೇಸಿಗೆಯ ಪುದೀನದ ಬಗ್ಗೆ ಬರೆಯುತ್ತೇನೆಂದು ಹೋದ ವಾರ ಮಾತು ಕೊಟ್ಟಿದ್ದೆ. ಕಡ್ಡಿ ಊರುವುದು, ಬೇರು ಬರಿಸುವುದು, ಹೂ ಬಿಡುವ ಮುನ್ನ ಕತ್ತರಿಸುವುದು ಈ ಅಂಕಣದ ಓದುಗರಿಗೆಲ್ಲ ಕರತಲಾಮಲಕ. ನೆರಳಿನ ಮಾತೊಂದು ಬಾಕಿಯಿತ್ತು: ಬೆಳಗಿನ ಎಳೆಬಿಸಿಲು ಬೀಳಲಿ, ಮಧ್ಯಾಹ್ನದ್ದು ಬೇಡ. ಅದು ಅಲ್ಲಿಗೆ ಮುಗಿಯಿತು. ಅದಕ್ಕಿಂತ ದೊಡ್ಡ ಸಂಗತಿ ನೀರಿನದು.

ರಾಯದುರ್ಗ, ಮಡಕಶಿರದ ಕಡೆ ಮಳೆ ಅಪರೂಪ. ಹಳೆಯ ಅನಂತಪುರ ಜಿಲ್ಲೆಯ ವಾರ್ಷಿಕ ಸರಾಸರಿಯೇ ಸುಮಾರು 550 ಮಿ.ಮೀ. ಹಾಗಾಗಿ ಕುಂಡಕ್ಕೆ ಬೋರಿನ ಗಡಸು ನೀರೇ ಗತಿ. ಕೆಲವೇ ವಾರಗಳಲ್ಲಿ ಕುಂಡದ ಅಂಚಿಗೆ ಬಿಳಿ ಉಪ್ಪು ಕಟ್ಟುತ್ತದೆ. ಕುಡಿಯ ಎಲೆಯನ್ನು ಬೆಳಕಿಗೆ ಹಿಡಿದು ನೋಡಿ: ನರ ಹಸಿರು, ನಡುವೆಲ್ಲ ಹಳದಿ. ಇದು ಕಬ್ಬಿಣದ ಕೊರತೆ. ಕಬ್ಬಿಣದ ಅದಿರಿಗೆ ಹೆಸರಾದ ಓಬಳಾಪುರದಲ್ಲೂ ಗಿಡಕ್ಕೆ ಈ ಕೊರತೆ ಬರಬಹುದು. ಮಣ್ಣಲ್ಲಿ ಕಬ್ಬಿಣವಿದ್ದರೂ ಕ್ಷಾರದ ನೀರು ಅದನ್ನು ಕರಗಗೊಡುವುದಿಲ್ಲ, ಬೇರಿಗೆ ಎಟುಕುವುದಿಲ್ಲ. ಯೂರಿಯಾ ಸುರಿದರೆ ಇದು ವಾಸಿಯಾಗದು.

ಬರೀ ತೆಂಗಿನ ನಾರಿನ ಪುಡಿಯಲ್ಲಿ ಪುದೀನ ಬೆಳೆಸಿ ಎನ್ನುವವರ ಜೊತೆ ನನಗೆ ಹಳೆಯ ಜಗಳವಿದೆ. ಆ ಪುಡಿಯಲ್ಲಿ ಸತ್ವವಿಲ್ಲ, ಗಡಸು ನೀರಿನ ಉಪ್ಪು ಮಾತ್ರ ದಿನದಿನಕ್ಕೆ ಅದರಲ್ಲಿ ಸೇರುತ್ತದೆ. ಪುದೀನದ ಹಂಬು ಹರಿಯುವುದು ಅಡ್ಡಡ್ಡಲಾಗಿ. ಆದ್ದರಿಂದ ಅಗಲವಾದ ಬೋಗುಣಿಗೆ ಕೆಂಪು ಮಣ್ಣು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ತುಂಬಿ, ತಳಕ್ಕೆ ತೂತು ಮಾಡಿ. ನೀರು ಶುದ್ಧೀಕರಿಸುವ ಯಂತ್ರ ಹೊರಹಾಕುವ ನೀರನ್ನು ಉಳಿತಾಯವೆಂದು ಗಿಡಕ್ಕೆ ಹೊಯ್ಯುವ ಹೊಸ ರೂಢಿಯೂ ತಪ್ಪು. ಬೋರಿನ ಉಪ್ಪೆಲ್ಲ ಒಟ್ಟಾಗಿರುವುದೇ ಅದರಲ್ಲಿ.

ಮಳೆ ಬಂದಾಗ ಮಾಳಿಗೆ ನೀರನ್ನು ಡ್ರಮ್ಮಿಗೆ ಹಿಡಿದಿಡಿ, ಅದಕ್ಕೆ ಸಮನಾದದ್ದಿಲ್ಲ. ಉಳಿದ ದಿನಗಳಿಗೆ ಅಕ್ಕಚ್ಚಿದೆ. ಉಪ್ಪು ಹಾಕದೆ, ಒಂದು ದಿನ ಇಟ್ಟು ಹುಳಿ ಬಂದ ಮೇಲೆ ಬುಡಕ್ಕೆ ಹೊಯ್ಯಿರಿ. ಆ ಹುಳಿ ನೀರಿನ ಕ್ಷಾರವನ್ನು ಒಂದಿಷ್ಟು ಮುರಿಯುತ್ತದೆ. ತೀರಾ ತೆಳುವಾದ ನೀರುಮಜ್ಜಿಗೆಯೂ ಆದೀತು.

ಇಲ್ಲಿ ನನಗೆ ನೆನಪಾಗುವುದು 1025ರ ಸುಮಾರಿಗೆ ಎರಡನೆಯ ಚಾವುಂಡರಾಯ ಬರೆದ ‘ಲೋಕೋಪಕಾರ’. ಅಂತರ್ಜಲ ಹುಡುಕುವ ವಿದ್ಯೆ, ವೃಕ್ಷಾಯುರ್ವೇದ, ಪಾಕಶಾಸ್ತ್ರ ಮೂರನ್ನೂ ಆತ ಒಂದೇ ಪುಸ್ತಕದಲ್ಲಿಟ್ಟ. ಬಾವಿ, ಗಿಡ, ಒಲೆ ಒಂದೇ ಸಂಸಾರವೆಂದು ಬಲ್ಲವನ ಕೆಲಸ ಅದು. ನಾವು ಮೂರನ್ನೂ ಬೇರೆ ಮಾಡಿ, ಅಕ್ಕಚ್ಚನ್ನು ಮೋರಿಗೆ ಚೆಲ್ಲಿ, ಗಿಡಕ್ಕೆ ಪೇಟೆಯಿಂದ ಔಷಧಿ ತರುತ್ತಿದ್ದೇವೆ.

ನಾಳೆ ಅಕ್ಕಿ ತೊಳೆದ ನೀರನ್ನು ಚೆಲ್ಲಬೇಡಿ, ಪುದೀನಕ್ಕೆ ಎತ್ತಿಡಿ.