ಜಾತ್ರೆಯ ಬಯಲು : ಒಂದು ವಿಮರ್ಶೆ



ಗ್ರಂಥವೊಂದು ಪ್ರಕಟವಾದರೆ ಅದರ ಗುಣದೋಷಗಳನ್ನು ತೂಗಿ ನೋಡುವುದು ನಮ್ಮಲ್ಲಿ ರೂಢಿ. ನಾಟಕವನ್ನೂ ಸಂಗೀತವನ್ನೂ ಹಾಗೆಯೇ ಪರೀಕ್ಷಿಸುತ್ತೇವೆ. ಆದರೆ ದುಡಿಮೆಯ ಹಣವನ್ನು ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡು ಸಾವಿರಾರು ಜನರು ಬಂದು ಸೇರುವ ಜಾತ್ರೆಯನ್ನು ಯಾರೂ ವಿಮರ್ಶಿಸುವುದಿಲ್ಲ. 'ತೇರು ನಿರ್ವಿಘ್ನವಾಗಿ ಸಾಗಿತು' ಎಂಬ ಒಂದು ವಾಕ್ಯದಲ್ಲಿ ವರದಿ ಮುಗಿಯುತ್ತದೆ. ತೇರಿನ ಬೀದಿಯಾಚೆಯ ಬಯಲಿನಲ್ಲಿ ಬಂದವರಿಗೆ ದೊರೆತದ್ದೇನು ಎಂದು ಕೇಳುವವರಿಲ್ಲ.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯಲ್ಲಿ ಸುಗ್ಗಿಯ ಹಿಂದುಮುಂದಿನ ತಿಂಗಳುಗಳೆಲ್ಲ ಜಾತ್ರೆಯ ತಿಂಗಳುಗಳೇ. ಈಚೆಗೆ ಈ ಸೀಮೆಯ ಒಂದು ಜಾತ್ರೆಗೆ ನಾವು ಪರಿವಾರವಿಲ್ಲದೆ ಹೋಗಿದ್ದೆವು. ಊರಿನ ಹೆಸರು ಇಲ್ಲಿ ಬೇಡ. ಹೇಳಿದರೆ ಉಳಿದ ಊರಿನವರು ತಮಗೆ ಸಂಬಂಧವಿಲ್ಲವೆಂದು ಪುಟ ಮಗುಚಿಯಾರು. ಉತ್ಸವಮೂರ್ತಿಯ ದರ್ಶನವಾಯಿತು, ಪ್ರಸಾದವೂ ಆಯಿತು. ಅನಂತರ ಬಯಲಿಗಿಳಿದೆವು.

ತಿರುಗುವ ದೊಡ್ಡ ತೊಟ್ಟಿಲಿನ ಬಳಿ ಒಬ್ಬ ವೃದ್ಧೆ ಮೊಮ್ಮಗನ ಕೈ ಹಿಡಿದು ನಿಂತಿದ್ದಳು. ಎರಡು ಚೀಟಿ ಕೊಂಡು ಮುಕ್ಕಾಲು ತಾಸು ಕಾದು ಅವರು ಏರಿದರು. ತೊಟ್ಟಿಲು ನಾಲ್ಕು ಸುತ್ತು ತಿರುಗಿತು. ಐದನೆಯದಕ್ಕೆ ಇಳಿಯಿರೆಂದು ಗದರಿಸಿದರು. ಹುಡುಗ ಅಳುತ್ತಿದ್ದ. ನಮ್ಮನ್ನು ಕಂಡು ಆಕೆ ಹತ್ತಿರ ಬಂದು ನಮಸ್ಕರಿಸಿ, "ಅಜ್ಜಾರ, ತೇರು ನೋಡಿ ಕಣ್ಣು ತುಂಬಿದುವ್ರಿ. ಆದ್ರ ಈ ಹುಡುಗನ ಮನಸ್ಸು ತುಂಬಲಿಲ್ರಿ" ಎಂದಳು. ಆಕೆ ದೂರು ಹೇಳಲಿಲ್ಲ. ದೂರು ಹೇಳುವುದಕ್ಕೆ ಅಲ್ಲಿ ಒಂದು ಸ್ಥಳವಾದರೂ ಇದೆಯೆಂಬುದು ಆಕೆಗೆ ತಿಳಿದಿರಲಿಲ್ಲ, ನಿಜವಾಗಿಯೂ ಇರಲಿಲ್ಲ.

ತೊಟ್ಟಿಲಿನ ಒಡೆಯನನ್ನು ಬಯ್ಯುವುದು ಸುಲಭ. ನಾವು ಅವನನ್ನೇ ಕೇಳಿದೆವು. ಅವನೆಂದ ಮಾತು ಇದು: ಜಾಗ ಹರಾಜಿನಲ್ಲಿ ಹೋಗಿದೆ, ಹಿಡಿದ ಗುತ್ತಿಗೆದಾರನು ತನ್ನ ಲಾಭವನ್ನು ಸೇರಿಸಿ ಅಡಿಗೆ ಇಷ್ಟೆಂದು ಅಂಗಡಿಯವರಿಗೆ ಹಂಚಿದ್ದಾನೆ, ಡೀಸೆಲ್ಲು, ಲಾರಿ ಬಾಡಿಗೆ, ಆಳುಗಳ ಕೂಲಿ ಬೇರೆ. ಐದು ದಿನಗಳಲ್ಲಿ ಇದೆಲ್ಲವೂ ಹೊರಡಬೇಕಾದರೆ ಸುತ್ತು ಕಡಿಮೆ ಮಾಡದೆ ಗತಿಯಿಲ್ಲ. ಚುರುಮುರಿಯ ಪೊಟ್ಟಣ ಕಿರಿದಾದುದೂ, ನೀರಿನ ಬಾಟಲಿಯನ್ನು ಮುದ್ರಿತ ಬೆಲೆಗಿಂತ ಹೆಚ್ಚಿಗೆ ಮಾರುವುದೂ ಇದೇ ಲೆಕ್ಕದಿಂದ. ಎರಡನೆಯದು ಕಾನೂನಿನಂತೆ ಅಪರಾಧವೇ ಸರಿ. ಆದರೆ ಆ ಅಪರಾಧದ ಬೀಜವು ಹರಾಜಿನ ಕೂಗಿನಲ್ಲಿಯೇ ಬಿದ್ದಿರುತ್ತದೆ. ಹರಾಜು ಕೂಗಿಸಿದವರು ಯಾರು? ಕೆಲವೆಡೆ ಪಂಚಾಯತಿ, ಕೆಲವೆಡೆ, ಭಕ್ತರೇ, ನಾವೇ.

ಬಂದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಹೆಣ್ಣುಮಕ್ಕಳು. ಇಡೀ ಬಯಲಿಗೆ ತಗಡಿನ ನಾಲ್ಕು ಶೌಚಾಲಯಗಳು. ಎರಡಕ್ಕೆ ಬೀಗ, ಉಳಿದೆರಡಕ್ಕೆ ನೀರಿಲ್ಲ. ಮುಂಜಾನೆ ಟ್ರ್ಯಾಕ್ಟರಿನಲ್ಲಿ ಬಂದವರು ತೇರು ಎಳೆಯುವ ಸಂಜೆಯವರೆಗೆ ನೀರು ಕುಡಿಯದೆ ಕುಳಿತಿರುತ್ತಾರೆಂದು ಒಬ್ಬ ತಾಯಿ ಹೇಳಿದಾಗ, ಉಂಡ ಪ್ರಸಾದ ನಮ್ಮ ಗಂಟಲಲ್ಲಿಯೇ ನಿಂತಂತಾಯಿತು. ಧ್ವನಿವರ್ಧಕಗಳ ಆರ್ಭಟದ ಮಾತನ್ನು ಎತ್ತುವುದಿಲ್ಲ. ಅದನ್ನು ಕೇಳದವರು ಯಾರು?

ಬೀದಿಯ ಇಕ್ಕೆಲದ ಅಂಗಡಿಗಳು ಮುಂದೆ ಮುಂದೆ ಬಂದು, ಎರಡು ಬಂಡಿ ಹೋಗುವ ದಾರಿಯಲ್ಲಿ ಇಬ್ಬರು ಮನುಷ್ಯರು ಹಾಯುವುದೂ ಕಷ್ಟವಾಗಿತ್ತು. 2005ರ ಜನವರಿಯಲ್ಲಿ ಮಹಾರಾಷ್ಟ್ರದ ವಾಯಿ ಸಮೀಪದ ಮಾಂಢರದೇವಿಯ ಜಾತ್ರೆಯಲ್ಲಿ, ಒಡೆದ ಕಾಯಿಗಳ ನೀರಿನಿಂದ ಮೆಟ್ಟಿಲುಗಳು ಜಾರಿ, ಇಕ್ಕಟ್ಟಿನ ದಾರಿಯಲ್ಲಿ ನೂಕುನುಗ್ಗಲಾಗಿ 250ಕ್ಕೂ ಹೆಚ್ಚು ಜನರು ಸತ್ತರು. ಅದನ್ನು ನೆನೆದು ನಾವು ಪಕ್ಕದ ಹೊಲದ ಬದುವಿನ ಮೇಲೆ ನಡೆದು ಹೊರಬಂದೆವು.

ತಿಂಡಿಯ ಸಾಲಿನಲ್ಲಿ ಬಣ್ಣವೇ ರಾಜ್ಯವಾಳುತ್ತಿತ್ತು. ಬೊಂಬಾಯಿ ಮಿಠಾಯಿಗೆ ಬಳಸುವ ರೋಡಮಿನ್-ಬಿ ಎಂಬ ಬಣ್ಣವನ್ನೂ, ಗೋಬಿ ಮಂಚೂರಿಗೆ ಹಾಕುವ ಕೃತಕ ಬಣ್ಣಗಳನ್ನೂ ರಾಜ್ಯ ಸರಕಾರವು 2024ರ ಮಾರ್ಚಿಯಲ್ಲಿಯೇ ನಿಷೇಧಿಸಿದೆ. ರೋಡಮಿನ್-ಬಿ ಬಟ್ಟೆಗೆ ಹಾಕುವ ಬಣ್ಣ, ಹೊಟ್ಟೆಗೆ ಹಾಕುವುದಲ್ಲ. ಹಾಗಿದ್ದೂ ಮಕ್ಕಳ ತುಟಿಗಳು ಗುಲಾಬಿಯಾಗಿದ್ದುವು. ಅದು ಯಾವ ಬಣ್ಣವೆಂದು ಪರೀಕ್ಷಿಸುವ ಅಧಿಕಾರಿ ಯಾರೂ ನಮಗೆ ಕಾಣಲಿಲ್ಲ.

ಆಟಿಕೆಗಳದು ಬೇರೆಯೇ ವ್ಯಥೆ. ಕೊಪ್ಪಳದ ಮಗ್ಗುಲಲ್ಲಿರುವ ಕಿನ್ನಾಳದ ಚಿತ್ರಗಾರರು ಹಗುರವಾದ ಮರವನ್ನು ಕೆತ್ತಿ, ಹುಣಸೆಬೀಜದ ಅಂಟಿನಿಂದ ಹದಗೊಳಿಸಿ, ಬಣ್ಣವಿಟ್ಟು ಮಾಡುವ ಬೊಂಬೆಗಳಿಗೆ ಭೌಗೋಳಿಕ ಗುರುತಿನ ಮನ್ನಣೆ ದೊರೆತಿದೆ. ದೂರದ ಪಟ್ಟಣಗಳ ಪ್ರದರ್ಶನಗಳಿಗೆ ಅವು ಹೋಗುತ್ತವೆ. ತಮ್ಮದೇ ಸೀಮೆಯ ಜಾತ್ರೆಯಲ್ಲಿ ನಾವು ಮೂರು ಸಾಲು ತಿರುಗಿದರೂ ಒಂದು ಬೊಂಬೆ ಸಿಗಲಿಲ್ಲ, ಎಲ್ಲವೂ ಪ್ಲಾಸ್ಟಿಕ್ಕಿನವು. ಅಡಿಗೆ ಇಷ್ಟೆಂದು ಬಾಡಿಗೆ ಕೊಟ್ಟು ಮರದ ಬೊಂಬೆಯನ್ನು ಮಾರಿ ಯಾವ ಚಿತ್ರಗಾರ ಉಳಿದಾನು?

ನಮ್ಮ ನಾಡಿಗೆ ಜನರನ್ನು ಆದರಿಸುವುದು ತಿಳಿಯದೆಂದು ಯಾರೂ ಹೇಳಲಾರರು. ಪುಷ್ಯ ಬಹುಳ ಬಿದಿಗೆಯಂದು ಕೊಪ್ಪಳದ ಗವಿಸಿದ್ಧೇಶ್ವರರ ತೇರು ಸಾಗುವಾಗ ಲಕ್ಷಾಂತರ ಜನ ಕೂಡುತ್ತಾರೆ. ಹಳ್ಳಿಹಳ್ಳಿಯ ತಾಯಂದಿರು ಜೋಳದ ರೊಟ್ಟಿ ಬಡಿದು ಕಳುಹಿಸುತ್ತಾರೆ. ದಾಸೋಹದಲ್ಲಿ ಯಾರಿಂದಲೂ ಚೀಟಿ ಕೇಳುವುದಿಲ್ಲ. 2019ರಲ್ಲಿ ಶ್ರೀ ಅಭಿನವ ಗವಿಸಿದ್ಧೇಶ್ವರ ಸ್ವಾಮಿಗಳು ಕರೆ ಕೊಟ್ಟಾಗ ಹಿರೇಹಳ್ಳವನ್ನು ಶುಚಿಗೊಳಿಸಲು ಜನರೇ ಇಳಿದರು. ಒಂದು ಹಳ್ಳವನ್ನು ಶುಚಿಗೊಳಿಸಬಲ್ಲ ಜನಕ್ಕೆ ಒಂದು ಬಯಲು ಅಸಾಧ್ಯವೇ? ದಾಸೋಹವು ಪಂಕ್ತಿಯಲ್ಲಿ ಮುಗಿದು, ಅಲ್ಲಿಂದ ನೂರು ಮಾರು ಆಚೆಗೆ ವ್ಯಾಪಾರ ಮಾತ್ರ ಉಳಿಯುವುದೇ ನಮ್ಮ ತಕರಾರು.

ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ ಕಂಡ ಒಂದು ಸಂಗತಿ ನೆನಪಾಗುತ್ತದೆ. ಮಧ್ಯಯುಗದ ಇಂಗ್ಲೆಂಡಿನ ಜಾತ್ರೆಗಳಲ್ಲಿ 'ಧೂಳುಗಾಲಿನವರ ನ್ಯಾಯಾಲಯ' ಎಂಬುದೊಂದಿತ್ತು. ತೂಕದ ಮೋಸ, ಬೆಲೆಯ ಜಗಳಗಳನ್ನು ಅದು ಜಾತ್ರೆ ಮುಗಿಯುವುದರೊಳಗೇ ತೀರಿಸುತ್ತಿತ್ತು; ಬಂದವರು ಕಾಲಿನ ಧೂಳು ಕೊಡವುವ ಮುನ್ನ ನ್ಯಾಯ ಸಿಗಬೇಕೆಂಬುದು ಅದರ ತತ್ತ್ವ. ನಮಗೆ ನ್ಯಾಯಾಧೀಶರು ಬೇಡ. ಒಂದು ಮೇಜು, ಒಂದು ತಕ್ಕಡಿ, ಊರಿನ ನಂಬಿಗಸ್ತ ಇಬ್ಬರು ಹಿರಿಯರು ಸಾಕು.

ನಮ್ಮ ಮಠದ ಜಾತ್ರಾ ಸಮಿತಿಯ ಮುಂದೆ ಈ ಮಾತನ್ನು ಇಟ್ಟೆವು. ಹರಾಜು ಬಿಟ್ಟು ನಿಶ್ಚಿತ ಬಾಡಿಗೆಗೆ ಜಾಗ ಕೊಡುವುದು, ಚಿತ್ರಗಾರರಿಗೂ ನೇಕಾರರಿಗೂ ಒಂದು ಸಾಲನ್ನು ಬಾಡಿಗೆಯಿಲ್ಲದೆ ಬಿಡುವುದು, ಶೌಚಾಲಯಗಳಿಗೆ ಮೊದಲ ಖರ್ಚು. ಖಜಾಂಚಿಗಳು ಲೆಕ್ಕದ ಪುಸ್ತಕ ತೆರೆದು, "ಹರಾಜಿನ ಹಣ ಬಾರದಿದ್ದರೆ ತೇರಿನ ಅಲಂಕಾರಕ್ಕೆ ಕೊರತೆ ಬೀಳುತ್ತದೆ ಬುದ್ಧಿ" ಎಂದರು. ಬೀಳಲಿ ಎಂದೆವು. ಸಭೆ ಮೌನವಾಯಿತು. ವಿಷಯವನ್ನು ಮುಂದಿನ ಅಮಾವಾಸ್ಯೆಯ ಸಭೆಗೆ ಇಟ್ಟಿದ್ದಾರೆ. ಮಠದಲ್ಲಿ ಓದಿ ಹೋದವರು ಆ ದಿನ ಬಿಡುವು ಮಾಡಿಕೊಂಡು ಬರಬೇಕು.