ಎಸರು, ಜಿಗಿ, ಬಡಿತ

ಡೋಣಿ ಹೊಳೆಸಾಲಿನ ಎರಿ ಹೊಲದಲ್ಲಿ ಹಿಂಗಾರಿಗೆ ಬಿತ್ತಿ, ಮಣ್ಣಲ್ಲಿ ಉಳಿದ ಹಸಿಗೇ ತೆನೆ ಕಟ್ಟುವ ಮಾಲದಂಡಿ ಜೋಳಕ್ಕೆ (ಕೃಷಿ ಇಲಾಖೆಯವರ ಬಾಯಲ್ಲಿ ಎಂ 35-1) ಸಾಟಿಯಿಲ್ಲ ಅಂತ ನಾನು ಯಾರ ಜೊತೆಗಾದರೂ ಜಗಳಕ್ಕೆ ಸಿದ್ಧ. ಆದರೂ ನನ್ನ ಶರಣು ಜೋಳಕ್ಕಿಂತ ರೊಟ್ಟಿ ಬಡಿಯುವ ಕೈಗೆ.

ಜೋಳದಲ್ಲಿ ಗೋದಿಯ ಅಂಟಿಲ್ಲ. ಕುದಿಯುವ ಎಸರು ಹೊಯ್ದು, ಅಂಗೈ ಬುಡದಿಂದ ಒತ್ತಿ ಒತ್ತಿ ನಾದಿದರೇ ಜಿಗಿ. ಹಿಟ್ಟು ಹಳತಾಗಿದ್ದರೆ ಅದೂ ಇಲ್ಲ, ಅಂಚು ಹರಿಯುತ್ತದೆ. ಬಸವನ ಬಾಗೇವಾಡಿ, ಮುದ್ದೇಬಿಹಾಳ ಕಡೆಯ ಅವ್ವಂದಿರನ್ನು ನೋಡಬೇಕು: ಒಂದು ಕೈ ಬಡಿಯುತ್ತದೆ, ಇನ್ನೊಂದು ಅಂಚು ಕಾಯುತ್ತದೆ, ಏಟಿಗೊಮ್ಮೆ ರೊಟ್ಟಿ ತುಸು ತಿರುಗುತ್ತದೆ. ಲಟ್ಟಣಿಗೆ ಯಾಕೆ ಬೇಕು! ಹಂಚಿಗೆ ಹಾಕಿದ ಕೂಡಲೇ ಒದ್ದೆ ಅರಿವೆಯಿಂದ ಮೇಲೆ ನೀರು ಸವರುತ್ತಾರೆ. ಆ ನೀರು ಆರುವ ಗಳಿಗೆಗೇ ಮಗುಚಬೇಕು, ತಡವಾದರೆ ಬಿರಿಯುತ್ತದೆ. ಕೆಂಡದ ಮುಂದೆ ನಿಲ್ಲಿಸಿದರೆ ಉಬ್ಬಿ ಎರಡು ಪದರು.

ಮೇಲಿನ ಪದರು ಹರಿದು ಬೆಣ್ಣೆ, ಶೇಂಗಾ ಹಿಂಡಿ, ಗುದ್ದಿ ಒಡೆದ ಉಳ್ಳಾಗಡ್ಡಿ, ಜೊತೆಗೆ ಇಂಡಿಯ ಲಿಂಬೆಯ ಉಪ್ಪಿನಕಾಯಿ. ನಾರಿನಂಶ ಇದೆ, ತಿನ್ನಿ ಅಂತ ಈಗ ಡಾಕ್ಟರೂ ಹೇಳುತ್ತಾರೆ. ಸಿಂದಗಿಯ ಹೊಲದಲ್ಲಿ ಬುತ್ತಿ ಬಿಚ್ಚುವವರಿಗೆ ಯಾರೂ ಹೇಳಬೇಕಾಗಿರಲಿಲ್ಲ. ಉಳಿದದ್ದನ್ನು ಒಣಗಿಸಿದರೆ ಕಟಕ ರೊಟ್ಟಿ, ವಾರಗಟ್ಟಲೆ ಕೆಡುವುದಿಲ್ಲ. ಕೆನೆಮೊಸರಿದ್ದರೆ ನನಗೆ ಅದೇ ಹೆಚ್ಚು ಇಷ್ಟ.