“ಯಾವುದಾದರೂ ಒಂದು ಕೋರ್ಸ್” ಎಂಬ ಮಾತು



ಪ್ರತಿವರ್ಷ ಎಸ್ಸೆಸ್ಸೆಲ್ಸಿ ಫಲಿತಾಂಶ ಪ್ರಕಟವಾದ ಮರುದಿನದಿಂದ ಗುರುಮನೆಯ ಬಾಗಿಲಿಗೆ ಎರಡು ಬಗೆಯ ತಂದೆತಾಯಿಗಳು ಬರುತ್ತಾರೆ. ಹೆಚ್ಚು ಅಂಕ ಗಳಿಸಿದ ಮಕ್ಕಳ ಹೆತ್ತವರು ಕುರ್ಚಿಯಲ್ಲಿ ಕುಳಿತು, ಪಿಯುಸಿ ವಿಜ್ಞಾನ ವಿಭಾಗಕ್ಕೆ ಶಿಫಾರಸು ಪತ್ರ ಕೇಳುತ್ತಾರೆ. ಕಡಿಮೆ ಅಂಕ ಪಡೆದವರ, ಇಲ್ಲವೇ ಅನುತ್ತೀರ್ಣರಾದವರ ಹೆತ್ತವರು ಬಾಗಿಲ ಬಳಿಯೇ ನಿಂತು, “ಇವನಿಗೆ ಯಾವುದಾದರೂ ಒಂದು ಕೋರ್ಸ್ ಇದ್ದರೆ ಹೇಳಿ ಸ್ವಾಮಿ” ಎನ್ನುತ್ತಾರೆ. ಮೊದಲನೆಯವರಿಗೆ ಕಾಲೇಜಿನ ಹೆಸರು ಗೊತ್ತು, ವಿಷಯಗಳು ಗೊತ್ತು, ಅಲ್ಲಿನ ಉಪನ್ಯಾಸಕರ ಗುಣಾವಗುಣಗಳೂ ಗೊತ್ತು. ಎರಡನೆಯವರಿಗೆ ಗೊತ್ತಿರುವುದು “ಯಾವುದಾದರೂ” ಎಂಬ ಪದ ಮಾತ್ರ. ಸಮುದಾಯ ಕಾಲೇಜುಗಳ ವೃತ್ತಿಪರ ಹಾಗೂ ತಾಂತ್ರಿಕ ಕೋರ್ಸುಗಳನ್ನು ವಿಮರ್ಶಿಸ ಹೊರಟಿರುವ ನಾನು ಈ ಪದದಿಂದಲೇ ಆರಂಭಿಸುತ್ತೇನೆ. ಏಕೆಂದರೆ ಆ ಕೋರ್ಸುಗಳ ಬಹುಪಾಲು ದೋಷಗಳು ಈ ಪದದಲ್ಲಿಯೇ ಅಡಗಿವೆ.

ಚಿಂತಾಮಣಿ ತಾಲ್ಲೂಕಿನ ಕೈವಾರವನ್ನು ಕಣ್ಣ ಮುಂದೆ ಇಟ್ಟುಕೊಂಡು ಈ ವಿಚಾರವನ್ನು ಪರಿಶೀಲಿಸೋಣ. ತಾತಯ್ಯನೆಂದು ನಾಡೆಲ್ಲ ಕರೆಯುವ ಯೋಗಿ ನಾರೇಯಣರ ಊರು ಅದು. ಬಳೆಯ ಮಲಾರ ಹೊತ್ತು ಊರೂರು ತಿರುಗಿ ಜೀವನ ಸಾಗಿಸಿದವರು ಅವರು. ತೆಲುಗಿನಲ್ಲಿಯೂ ಕನ್ನಡದಲ್ಲಿಯೂ ಪದಗಳನ್ನು ರಚಿಸಿ, ಕಾಲಜ್ಞಾನ ನುಡಿದರು. ಬಳೆಗಾರನಾಗಿದ್ದುದು ಅವರ ಜ್ಞಾನಕ್ಕೆ ಕುಂದು ತರಲಿಲ್ಲ. ಅದೇ ಜಿಲ್ಲೆಯ ಮುದ್ದೇನಹಳ್ಳಿಯಲ್ಲಿ 1861ರಲ್ಲಿ ಜನಿಸಿದ ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1916ರಲ್ಲಿ, ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾಯಿತು. ಅಷ್ಟಕ್ಕೇ ಅವರಿಗೆ ತೃಪ್ತಿಯಾಗಲಿಲ್ಲ. ಎಂಬತ್ತು ದಾಟಿದ ವಯಸ್ಸಿನಲ್ಲಿ, 1943ರಲ್ಲಿ, ಬೆಂಗಳೂರಿನಲ್ಲಿ ಕೈಕಸುಬು ಕಲಿಸುವ ಜಯಚಾಮರಾಜೇಂದ್ರ ವೃತ್ತಿ ಶಿಕ್ಷಣ ಸಂಸ್ಥೆಯ ಆರಂಭಕ್ಕೂ ಅವರೇ ಕಾರಣರಾದರು. ಅದು ಇಂದು ಪಾಲಿಟೆಕ್ನಿಕ್ ಆಗಿ ಉಳಿದಿದೆ. ವಿಶ್ವವಿದ್ಯಾನಿಲಯವನ್ನು ಕಟ್ಟಿಸಿದ ಕೈಯೇ ಕಾರ್ಯಾಗಾರವನ್ನೂ ಕಟ್ಟಿಸಿತು ಎಂಬುದನ್ನು ನಾವು ಅವರ ಜಯಂತಿಯ ದಿನವೂ ನೆನೆಯುವುದಿಲ್ಲ.

ಸಮುದಾಯ ಕಾಲೇಜು ಎಂಬ ಕಲ್ಪನೆ ಅಮೆರಿಕದಿಂದ ಬಂದದ್ದು. ನಮ್ಮ ದೇಶದಲ್ಲಿ 1995ರಲ್ಲಿ ಪಾಂಡಿಚೇರಿ ವಿಶ್ವವಿದ್ಯಾನಿಲಯವೂ 1996ರಲ್ಲಿ ಮದ್ರಾಸ್-ಮೈಲಾಪುರ ಮಹಾಧರ್ಮಪ್ರಾಂತ್ಯವೂ ಇಂತಹ ಕಾಲೇಜುಗಳನ್ನು ತೆರೆದವು. ಮುಂದೆ ಯೇಸುಸಭೆಯ ಗುರು ಕ್ಸೇವಿಯರ್ ಅಲ್ಫೋನ್ಸ್ ಅವರು ಚೆನ್ನೈಯನ್ನು ಕೇಂದ್ರವಾಗಿರಿಸಿಕೊಂಡು ಈ ಚಳವಳಿಯನ್ನು ಹಲವು ರಾಜ್ಯಗಳಿಗೆ ಹಬ್ಬಿಸಿದರು. ಅವರು ರೂಪಿಸಿದ ಪಠ್ಯಕ್ರಮದಲ್ಲಿ ಒಂದು ವಿವೇಕವಿತ್ತು. ವಿದ್ಯಾರ್ಥಿ ಮೊದಲು ಬದುಕುವ ಕೌಶಲಗಳನ್ನು ಕಲಿಯಬೇಕು, ಅನಂತರ ಕೆಲಸದ ಕೌಶಲ, ಆಮೇಲೆ ಕೆಲಸದ ಸ್ಥಳದಲ್ಲಿ ತರಬೇತಿ, ಕೊನೆಗೆ ಉದ್ಯೋಗಕ್ಕೆ ಸಿದ್ಧತೆ. ಶಾಲೆ ಬಿಟ್ಟವರಿಗೂ ಬಾಗಿಲು ತೆರೆದಿತ್ತು. “ನಿನ್ನಿಂದಾಗದು” ಎಂದು ಹತ್ತು ವರ್ಷ ಕೇಳಿಸಿಕೊಂಡ ಮಗುವಿಗೆ ಉಪಕರಣವನ್ನು ಕೈಗೆ ಕೊಡುವ ಮೊದಲು ಆತ್ಮವಿಶ್ವಾಸವನ್ನು ಕೊಡಬೇಕೆಂಬುದು ಅದರ ತಿರುಳು.

ಸರ್ಕಾರಿ ವ್ಯವಸ್ಥೆ ಈ ಕಲ್ಪನೆಯನ್ನು ಕೈಗೆತ್ತಿಕೊಂಡಾಗ ಏನಾಯಿತು? ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯ 2009ರಲ್ಲಿ ಸಮುದಾಯ ಕಾಲೇಜುಗಳ ಯೋಜನೆಯನ್ನು ವೇಗವಾಗಿ ಆರಂಭಿಸಿ, ಕೆಲವೇ ವರ್ಷಗಳಲ್ಲಿ ಕೈಬಿಟ್ಟಿತು. ಬಳಿಕ ಹನ್ನೆರಡನೆಯ ಪಂಚವಾರ್ಷಿಕ ಯೋಜನೆಯ ಅವಧಿಯಲ್ಲಿ, 2013ರಿಂದ, ಯುಜಿಸಿ ತನ್ನದೇ ಯೋಜನೆಯನ್ನು ತಂದಿತು. ಅದರ ಚೌಕಟ್ಟು ಕಾಗದದ ಮೇಲೆ ಚೆನ್ನಾಗಿಯೇ ಇದೆ. ಒಂದು ಸೆಮಿಸ್ಟರಿನ 30 ಕ್ರೆಡಿಟ್‌ಗಳಲ್ಲಿ 18 ಕೌಶಲಕ್ಕೆ, 12 ಸಾಮಾನ್ಯ ಶಿಕ್ಷಣಕ್ಕೆ. ಒಂದು ವರ್ಷ ಓದಿದರೆ ಡಿಪ್ಲೊಮಾ, ಎರಡು ವರ್ಷಕ್ಕೆ ಉನ್ನತ ಡಿಪ್ಲೊಮಾ, ಮೂರನೆಯ ವರ್ಷ ಮುಂದುವರಿದರೆ ಬಿ.ವೋಕ್ ಪದವಿ. ಆದರೆ ಈ ಡಿಪ್ಲೊಮಾಕ್ಕೆ ಸೇರಲು ಹನ್ನೆರಡನೆಯ ತರಗತಿ ಮುಗಿಸಿರಬೇಕು. ಯಾರಿಗಾಗಿ ಈ ಕಲ್ಪನೆ ಹುಟ್ಟಿತೋ, ಆ ಹತ್ತನೆಯ ತರಗತಿಯಲ್ಲಿ ಎಡವಿದ ಮಗುವಿಗೆ ಈ ಡಿಪ್ಲೊಮಾದ ಬಾಗಿಲು ತೆರೆಯುವುದಿಲ್ಲ. ಇದು ನನ್ನ ಮೊದಲ ಆಕ್ಷೇಪ.

ಎರಡನೆಯ ಆಕ್ಷೇಪ “ಸಮುದಾಯ” ಎಂಬ ಹೆಸರನ್ನು ಕುರಿತದ್ದು. ಇಂತಹ ಕಾಲೇಜುಗಳ ಪ್ರಕಟಣೆಗಳನ್ನು ಓದಿ ನೋಡಿ. ಕಂಪ್ಯೂಟರ್, ಹೊಲಿಗೆ, ಸೌಂದರ್ಯವರ್ಧನೆ, ರೋಗಿಗಳ ಆರೈಕೆ ಇವೇ ಹೆಚ್ಚಾಗಿ ಕಾಣುತ್ತವೆ. ಇವು ಕೀಳಲ್ಲ, ಬೇಕಾದವೇ. ಆದರೆ ಊರು ಯಾವುದೇ ಇರಲಿ, ಪಟ್ಟಿ ಹೆಚ್ಚು ಕಡಿಮೆ ಒಂದೇ. ಕೈವಾರದಲ್ಲಿ ನಾಳೆ ಇಂತಹದೊಂದು ಕಾಲೇಜು ತೆರೆದರೆ ಅಲ್ಲಿ ಏನು ಕಲಿಸಬೇಕೆಂದು ಊರನ್ನು ಒಂದು ಸುತ್ತು ಹಾಕಿದರೆ ಸಾಕು, ತಿಳಿಯುತ್ತದೆ. ಸುತ್ತಮುತ್ತ ಹಿಪ್ಪುನೇರಳೆ ತೋಟಗಳು, ಹುಳು ಸಾಕುವ ಮನೆಗಳು. ಪಕ್ಕದ ತಾಲ್ಲೂಕಿನ ಶಿಡ್ಲಘಟ್ಟದಲ್ಲಿ ರಾಜ್ಯದ ಅತಿ ದೊಡ್ಡ ಗೂಡಿನ ಮಾರುಕಟ್ಟೆಗಳಲ್ಲೊಂದು, ಅದರ ಸುತ್ತ ನೂಲು ಬಿಚ್ಚಣಿಕೆಯ ಘಟಕಗಳು. ವರ್ಷವಿಡೀ ಹರಿಯುವ ನದಿಯಿಲ್ಲದ ಜಿಲ್ಲೆಯಾದುದರಿಂದ ಹೊಲಹೊಲದಲ್ಲಿ ಕೊಳವೆಬಾವಿ, ಹನಿ ನೀರಾವರಿಯ ಕೊಳವೆಗಳು. ಆಳದಲ್ಲಿರುವ ಮೋಟಾರು ಸುಟ್ಟುಹೋದರೆ ಅದನ್ನು ಮೇಲೆತ್ತಿ, ತಾಮ್ರದ ತಂತಿ ಸುತ್ತಿ, ಮತ್ತೆ ಇಳಿಸಬೇಕು. ಅದು ಸರಿಹೋಗುವವರೆಗೆ ಬೆಳೆ ಒಣಗುತ್ತದೆ. ಈ ಕೆಲಸ ಬಲ್ಲವನಿಗೆ ಇಲ್ಲಿ ಬಿಡುವಿಲ್ಲ. ಆದರೂ ಅದನ್ನು ವಿದ್ಯೆಯೆಂದು ನಾವು ಕರೆಯುವುದಿಲ್ಲ.

ರೇಷ್ಮೆಯನ್ನೇ ತೆಗೆದುಕೊಳ್ಳಿ. ಹುಳು ನಾಲ್ಕು ಜ್ವರಗಳನ್ನು ದಾಟಿ, ಚಂದ್ರಿಕೆಯೇರಿ ಗೂಡು ಕಟ್ಟುವವರೆಗಿನ ಒಂದು ತಿಂಗಳೊಳಗಿನ ಅವಧಿಯಲ್ಲಿ ಹಾಲುತೊಂಡೆಯೋ ಸುಣ್ಣಕಟ್ಟೋ ಬಂದರೆ ಇಡೀ ಬೆಳೆಯೇ ತಿಪ್ಪೆಗೆ ಹೋಗುತ್ತದೆ. ಫ್ರಾನ್ಸಿನ ರೇಷ್ಮೆ ಉದ್ಯಮವನ್ನು ಗಂಟುರೋಗ ನಾಶಪಡಿಸುತ್ತಿದ್ದಾಗ, 1865ರಲ್ಲಿ ಲೂಯಿ ಪಾಶ್ಚರ್ ರೇಷ್ಮೆ ಸಾಕುವ ಊರುಗಳಿಗೆ ಹೋದರು. ಅದಕ್ಕೆ ಮೊದಲು ಅವರು ರೇಷ್ಮೆಹುಳುವನ್ನು ಅಧ್ಯಯನ ಮಾಡಿದವರಲ್ಲ. ಸಾಕಣೆದಾರರ ನಡುವೆ ವರ್ಷಗಟ್ಟಲೆ ಕೆಲಸ ಮಾಡಿ, ತಾಯಿ ಚಿಟ್ಟೆಯನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ರೋಗವಿಲ್ಲದ ಚಿಟ್ಟೆಯ ಮೊಟ್ಟೆಯನ್ನು ಮಾತ್ರ ಉಳಿಸಿಕೊಳ್ಳುವ ವಿಧಾನವನ್ನು ಕಂಡುಕೊಂಡರು. ನಮ್ಮ ಬಿತ್ತನೆ ಕೋಠಿಗಳು ಇಂದಿಗೂ ನೆಚ್ಚಿಕೊಂಡಿರುವುದು ಅದೇ ವಿಧಾನವನ್ನು. ಕಸುಬಿನವನ ಅನುಭವಕ್ಕೆ ವಿಜ್ಞಾನ ಸೇರಿದಾಗ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಯಾವ ಕೋರ್ಸಿಗೆ ಬೇಕು? ಚಿಂತಾಮಣಿಯ ಬಳಿಯ ಕುರುಬೂರಿನಲ್ಲಿ ರೇಷ್ಮೆ ಕೃಷಿ ಪದವಿಗೆಂದೇ ಕೃಷಿ ವಿಶ್ವವಿದ್ಯಾನಿಲಯ ಕಾಲೇಜು ತೆರೆಯಿತು. ಆದರೆ ಹತ್ತು ವರ್ಷ ಪ್ರಾಯದಿಂದ ಸೊಪ್ಪು ಹಾಕಿ ಹುಳುವಿನ ನಾಡಿ ಬಲ್ಲ ಹುಡುಗ, ಪಿಯುಸಿ ವಿಜ್ಞಾನ ಓದದಿದ್ದರೆ ಅಂತಹ ಪದವಿಯ ಹೊಸ್ತಿಲು ತುಳಿಯಲಾರ. ಪದವಿಗೂ ಕಸುಬಿಗೂ ನಡುವಿನ ಈ ಅಂತರವನ್ನು ತುಂಬಬೇಕಾದದ್ದು ಸಮುದಾಯ ಕಾಲೇಜು. ಅಲ್ಲಿ ಅನುಭವಿ ಸಾಕಣೆದಾರನೂ ಬಿಚ್ಚಣಿಕೆಯ ಬಿಸಿನೀರಿನಲ್ಲಿ ಕೈ ನವೆಸಿಕೊಂಡ ತಾಯಿಯೂ ಉಪನ್ಯಾಸಕರ ಪಕ್ಕದಲ್ಲಿ ಬೋಧಕರಾಗಿ ನಿಲ್ಲಬೇಕು.

“ರೇಷ್ಮೆಗೆ ಭವಿಷ್ಯವೆಲ್ಲಿದೆ? ಅತ್ತ ನರಸಾಪುರ, ವೇಮಗಲ್, ಇತ್ತ ದೇವನಹಳ್ಳಿ ಎಂದು ಕಾರ್ಖಾನೆಗಳು ಬೆಳೆಯುತ್ತಿವೆಯಲ್ಲ” ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಮಕ್ಕಳು ಕಾರ್ಖಾನೆಗೆ ಹೋಗಬಾರದೆಂದು ನಾನು ಹೇಳುತ್ತಿಲ್ಲ, ಅವರನ್ನು ಕುಲಕಸುಬಿಗೆ ಕಟ್ಟಿಹಾಕುವುದೂ ನನ್ನ ಇಂಗಿತವಲ್ಲ. ಹೋಗುವವರು ಏನನ್ನು ಕಲಿತು ಹೋಗುತ್ತಾರೆ ಎಂಬುದು ನನ್ನ ಚಿಂತೆ. ಒಂದು ಯಂತ್ರದ ಒಂದು ಗುಂಡಿಯನ್ನು ಒತ್ತಲು ಮಾತ್ರ ಕಲಿತವನು ಆ ಯಂತ್ರ ಬದಲಾದ ದಿನ ಮನೆಗೆ ಮರಳುತ್ತಾನೆ. ವಿದ್ಯುತ್ತು ಹೇಗೆ ಹರಿಯುತ್ತದೆ, ಅಳತೆ ಹೇಗೆ ತಪ್ಪುತ್ತದೆ, ಲೆಕ್ಕ ಹೇಗೆ ಬರೆಯಬೇಕು, ಕೂಲಿಯ ಕಾನೂನು ಏನು ಹೇಳುತ್ತದೆ ಎಂದು ತಿಳಿದವನು ಇನ್ನೊಂದು ಯಂತ್ರವನ್ನು ಕಲಿಯುತ್ತಾನೆ. ಆ 12 ಕ್ರೆಡಿಟ್‌ಗಳು ಇರುವುದು ಅದಕ್ಕಾಗಿ. ಸಮಯ ಸಾಲದೆಂದು ಮೊದಲು ಮೊಟಕುಗೊಳ್ಳುವ ಪಾಠವೂ ಅದೇ ಆಗುವ ಅಪಾಯವಿದೆ. ಕೆಲಸದ ಮೌಲ್ಯ ಇರುವುದು ಅದನ್ನು ಮಾಡುವವನು ಮನುಷ್ಯನಾಗಿರುವುದರಲ್ಲಿ ಎಂಬುದು ಜಗದ್ಗುರು ಎರಡನೆಯ ಜಾನ್ ಪೌಲರು ದುಡಿಮೆಯನ್ನು ಕುರಿತು 1981ರಲ್ಲಿ ಬರೆದ ವಿಶ್ವಪತ್ರದ ಹೃದಯ. ಕಂಪನಿಗೆ ಕೈಗಳನ್ನು ಸರಬರಾಜು ಮಾಡುವ ಕೋರ್ಸ್ ಈ ಬೋಧನೆಯ ಮುಂದೆ ನಿಲ್ಲಲಾರದು.

ಕೆಲಸದ ಸ್ಥಳದ ತರಬೇತಿಯ ಬಗೆಗೂ ಒಂದು ಮಾತು. ಇಟಲಿಯ ಟ್ಯೂರಿನ್ ನಗರದಲ್ಲಿ ಸಂತ ಜಾನ್ ಬಾಸ್ಕೋ 1852ರ ಫೆಬ್ರುವರಿಯಲ್ಲಿ ಬಡಗಿ ಕೆಲಸ ಕಲಿಯ ಹೊರಟ ಒಬ್ಬ ಹುಡುಗನಿಗಾಗಿ ಯಜಮಾನನಿಂದ ಕರಾರು ಪತ್ರಕ್ಕೆ ಸಹಿ ಹಾಕಿಸಿದರು. ಕಸುಬನ್ನು ಪೂರ್ತಿಯಾಗಿ ಕಲಿಸಬೇಕು, ತಪ್ಪಿದರೆ ಮಾತಿನಿಂದ ತಿದ್ದಬೇಕೇ ಹೊರತು ಹೊಡೆಯಬಾರದು, ಹಬ್ಬದ ದಿನ ಬಿಡುವು ಕೊಡಬೇಕು, ವಾರದ ಕೂಲಿ ಕ್ರಮೇಣ ಏರಬೇಕು ಎಂದು ಅದರಲ್ಲಿ ಬರೆಸಿದರು. ಇಂದು ನಮ್ಮ ಮಕ್ಕಳನ್ನು ತರಬೇತಿಗೆ ಕಳುಹಿಸುವ ಎಷ್ಟು ಸಂಸ್ಥೆಗಳು, ನಮ್ಮ ಕ್ರೈಸ್ತ ಸಂಸ್ಥೆಗಳೂ ಸೇರಿದಂತೆ, ಇಷ್ಟನ್ನು ಬರೆಸಿಕೊಳ್ಳುತ್ತವೆ? ಮಗು ಅಲ್ಲಿ ಕಸುಬು ಕಲಿಯಿತೋ, ಚಹಾ ತಂದುಕೊಟ್ಟು ಹಿಂದಿರುಗಿತೋ ಎಂದು ವಿಚಾರಿಸುವವರು ಯಾರು?

ಇಷ್ಟು ಹೊತ್ತು ಸರ್ಕಾರವನ್ನೂ ಸಂಸ್ಥೆಗಳನ್ನೂ ವಿಮರ್ಶಿಸಿದೆ. ಇನ್ನು ನನ್ನ ಸರದಿ. ಹಲವು ವರ್ಷಗಳ ಹಿಂದೆ ಒಂದೇ ವಾರದಲ್ಲಿ ಎರಡು ಶಿಫಾರಸು ಪತ್ರಗಳನ್ನು ಬರೆದೆ. ಒಂದು ನನ್ನ ಅಕ್ಕನ ಮಗನಿಗಾಗಿ. ಆ ಕಾಲೇಜಿಗೆ ನಾನೇ ಹೋಗಿ ಪ್ರಯೋಗಾಲಯ, ಗ್ರಂಥಾಲಯಗಳನ್ನು ನೋಡಿ ಬಂದಿದ್ದೆ. ಇನ್ನೊಂದು, ಬಿಚ್ಚಣಿಕೆ ಘಟಕದಲ್ಲಿ ದುಡಿಯುತ್ತಿದ್ದ ತಾಯಿಯೊಬ್ಬಳ ಮಗಳಿಗಾಗಿ. ಆಕೆಗೆ ಒಂದು ವರ್ಷದ ಕಂಪ್ಯೂಟರ್ ಕೋರ್ಸನ್ನು ಸೂಚಿಸಿದೆ. ಆ ಸಂಸ್ಥೆಯ ಹೊಸ್ತಿಲನ್ನೂ ನಾನು ತುಳಿದಿರಲಿಲ್ಲ. ಅಲ್ಲಿ ಒಂದು ಯಂತ್ರದ ಮುಂದೆ ನಾಲ್ವರು ಕೂರುತ್ತಿದ್ದರು, ಪಾಠವೆಲ್ಲ ಕಂಠಪಾಠ. ವರ್ಷ ಕಳೆದ ಮೇಲೆ ಪ್ರಮಾಣಪತ್ರ ಹಿಡಿದು ಬಂದ ಹುಡುಗಿಗೆ ಒಂದು ಪತ್ರವನ್ನು ಟೈಪು ಮಾಡಲು ಬರುತ್ತಿರಲಿಲ್ಲ. ತಾಯಿ ನನ್ನನ್ನು ದೂರಲಿಲ್ಲ. “ನೀವು ಹೇಳಿದ್ದಿರಿ ಅಂತ ಸಾಲ ಮಾಡಿ ಕಟ್ಟಿದೆ ಸ್ವಾಮಿ” ಎಂದಳು, ಅಷ್ಟೇ. “ಯಾವುದಾದರೂ” ಎಂಬ ಪದವನ್ನು ಅಂದು ಬಳಸಿದವನು ನಾನು. ಆ ಮಗಳಿಗೆ ಅದು ಸಾಕು ಎಂದು ಮನಸ್ಸಿನಲ್ಲಿ ನಿರ್ಧರಿಸಿದ್ದೆ.

ಸಂತ ಮಾರ್ಕನ ಶುಭಸಂದೇಶದ ಆರನೆಯ ಅಧ್ಯಾಯದಲ್ಲಿ ನಜರೇತಿನ ಜನ ಯೇಸುವಿನ ಬೋಧನೆಗೆ ಬೆರಗಾಗುತ್ತಾರೆ. ಮರುಕ್ಷಣವೇ ಅವರು ಬಡಗಿಯೆಂಬುದು ನೆನಪಾಗಿ ಮುಖ ತಿರುಗಿಸುತ್ತಾರೆ. ಬಡಗಿಗೆ ಜ್ಞಾನವೆಲ್ಲಿಂದ ಎಂಬುದು ಅವರ ತಕರಾರು. ಪ್ರತಿವರ್ಷ ಮೇ ಒಂದರಂದು ದುಡಿಮೆಗಾರ ಸಂತ ಜೋಸೆಫರ ಹಬ್ಬವನ್ನು ಭಕ್ತಿಯಿಂದ ಆಚರಿಸುವ ನಾವು, ಅದೇ ತಿಂಗಳಲ್ಲಿ ಫಲಿತಾಂಶ ಕೈಗೆ ಬಂದಾಗ ನಜರೇತಿನವರಂತೆಯೇ ಮಾತನಾಡುತ್ತೇವೆ. ತಮ್ಮ ಮಕ್ಕಳನ್ನು ಕಳುಹಿಸದ ಶಾಲೆಯನ್ನು ಯಾರೂ ಪ್ರಶ್ನಿಸುವುದಿಲ್ಲ. ಪ್ರಶ್ನಿಸುವವರಿಲ್ಲದ ಶಾಲೆ ಸುಧಾರಿಸುವುದಿಲ್ಲ. ವೃತ್ತಿ ಕೋರ್ಸುಗಳು ಸೊರಗಿರುವುದಕ್ಕೆ ಅನುದಾನದ ಕೊರತೆಗಿಂತ ಇದೇ ದೊಡ್ಡ ಕಾರಣವೆಂದು ನಾನು ನಂಬಿದ್ದೇನೆ.

ಆದ್ದರಿಂದ ಓದುಗರಲ್ಲಿ ಒಂದು ಬಿನ್ನಹ. ಈ ಸಲ ಪ್ರವೇಶದ ದಿನಗಳು ಬಂದಾಗ, ನಿಮ್ಮ ಮನೆಯದೇ ಆಗಲಿ ನೆರೆಮನೆಯದೇ ಆಗಲಿ, ಒಂದು ಮಗುವಿನ ಜೊತೆ ಅಂತಹ ಕಾಲೇಜಿಗೆ ಹೋಗಿ. ಕಚೇರಿಯಲ್ಲಿ ಕೂರದೆ ಕಾರ್ಯಾಗಾರವನ್ನು ತೋರಿಸಿರೆಂದು ಕೇಳಿ. ಕಲಿಸುವವರು ಆ ಕೆಲಸವನ್ನು ಸ್ವತಃ ಮಾಡಿದವರೇ? ಒಂದು ಉಪಕರಣಕ್ಕೆ ಎಷ್ಟು ಮಂದಿ? ತರಬೇತಿಗೆ ಕಳುಹಿಸುವಾಗ ಕರಾರು ಇದೆಯೇ? ಹಿಂದಿನ ವರ್ಷ ಮುಗಿಸಿದವರು ಈಗ ಎಲ್ಲಿದ್ದಾರೆ? ಇಲ್ಲಿಂದ ಮೇಲೆ ಓದಬೇಕೆಂದರೆ ಮುಂದಿನ ಮೆಟ್ಟಿಲು ಯಾವ ಊರಿನಲ್ಲಿದೆ? ಉತ್ತರ ಸರಿಬಾರದಿದ್ದರೆ ನಿಮ್ಮ ಧರ್ಮಕೇಂದ್ರದ ಗುರುಗಳಿಗೆ ಬಂದು ತಿಳಿಸಿ. ನನ್ನ ಗುರುಮನೆಗೆ ಬರುವವರಿಗೆ, ನಾನು ಕಣ್ಣಾರೆ ನೋಡದ ಯಾವ ಸಂಸ್ಥೆಗೂ ಈಗ ಪತ್ರ ಬರೆಯುತ್ತಿಲ್ಲ. ನೋಡಿ ಬರಲು ಒಂದು ದಿನ ಬೇಕಾಗುತ್ತದೆ. ಅಷ್ಟು ಹೊತ್ತು ಆ ತಾಯಿ ಕುರ್ಚಿಯಲ್ಲಿ ಕುಳಿತು ಕಾಯಲಿ.